ಬುಟ್ಟಿಯೇ, ಬಾಯಿ ತೆರೆ!

ಮತ್ತೆ ಆ ಫೋಟೊ ಬಂದಿದೆ. ಪೇಪರಿನ ಜಿಲ್ಲಾ ಪುಟ, ಮೂರು ಕಾಲಂ ಅಗಲ. ಹಾರ, ಶಾಲು, ಪೇಟ ಧರಿಸಿದ ಮುಖ್ಯ ಅತಿಥಿಗಳು ನೀಲಿ ಪ್ಲಾಸ್ಟಿಕ್ ಕಸದಬುಟ್ಟಿಯೊಂದರ ಎದುರು ಬಾಗಿ, ಆಶೀರ್ವಾದ ಮಾಡುವವರ ಹಾಗೆ ಬಲಗೈ ಚಾಚಿದ್ದಾರೆ. ಪಕ್ಕದಲ್ಲಿ ಯೂನಿಫಾರ್ಮಿನ ಹುಡುಗ ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡುವವನ ಮುಖ ಮಾಡಿಕೊಂಡು ಬುಟ್ಟಿಯನ್ನೇ ನೋಡುತ್ತಿದ್ದಾನೆ. ಅಡಿಬರಹ: ‘ವಿದ್ಯಾರ್ಥಿಗಳು ತಯಾರಿಸಿದ ಸ್ಮಾರ್ಟ್ ಕಸದಬುಟ್ಟಿಯನ್ನು ಗಣ್ಯರು ವೀಕ್ಷಿಸಿದರು.’ ವೀಕ್ಷಿಸಿದರು ಎಂದಿದೆ. ಬುಟ್ಟಿ ತೆರೆಯಿತು ಎಂದಿಲ್ಲ. ವರದಿಗಾರ ಸತ್ಯವಂತ.

ಯಾವ ಊರು, ಯಾವ ಶಾಲೆ ಎಂದು ಹುಡುಕಬೇಡಿ. ಕಳೆದ ವರ್ಷದ ಪೇಪರ್ ತೆಗೆದರೂ ಇದೇ ಫೋಟೊ. ಅತಿಥಿ ಬೇರೆ, ಬುಟ್ಟಿ ಇದೇ. ವಿಜ್ಞಾನ ವಸ್ತುಪ್ರದರ್ಶನ, ತಂತ್ರಜ್ಞಾನ ಮೇಳ, ಟೆಕ್ ಫೆಸ್ಟ್, ಇನ್ನೋವೇಶನ್ ಎಕ್ಸ್‌ಪೋ ಎಂದು ಬ್ಯಾನರ್ ಎಷ್ಟು ಬದಲಾದರೂ ಒಳಗೆ ಕಾಲಿಟ್ಟರೆ ಸಿಗುವುದು ಐದೇ ಆವಿಷ್ಕಾರ: ಬಾಯಿ ತೆರೆಯುವ ಬುಟ್ಟಿ, ಕೀಂ ಎನ್ನುವ ಅಂಧರ ಕೋಲು, ಮಣ್ಣು ಒಣಗಿದರೆ ನೀರು ಬಿಡುವ ಪಂಪು, ಸಿರಿಂಜಿನ ಜೆಸಿಬಿ, ತುಳಿದರೆ ಕರೆಂಟು ಕೊಡುವ ಮೆಟ್ಟಿಲು. ಆರನೆಯದು ಜ್ವಾಲಾಮುಖಿ. ಅಡುಗೆ ಸೋಡಾ, ವಿನೆಗರ್, ಒಂದು ಚಿಟಿಕೆ ಕುಂಕುಮ. ಕರ್ನಾಟಕದಲ್ಲಿ ಜೀವಂತ ಜ್ವಾಲಾಮುಖಿ ಇಲ್ಲವೆಂಬ ಕೊರಗನ್ನು ನಮ್ಮ ಪ್ರೌಢಶಾಲೆಗಳು ಯಾವತ್ತೋ ನೀಗಿಸಿವೆ.

ಬುಟ್ಟಿ ಯಾಕೆ ತೆರೆಯಲಿಲ್ಲ ಎಂದು ಹುಡುಗನಿಗೆ ಬೈದವರೇ ಹೆಚ್ಚು, ಹೇಳಿಕೊಟ್ಟವರು ಕಡಿಮೆ. ಅವನ ಪರವಾಗಿ ಸ್ವಲ್ಪ ವಕಾಲತ್ತು ಮಾಡೋಣ.

ಮೊದಲ ಆರೋಪಿ ಶಾಲು. ಬುಟ್ಟಿಯ ಹಣೆಯ ಮೇಲೆ ಎರಡು ಕಣ್ಣಿನ ಹಾಗೆ ಕಾಣುವುದು ಎಚ್‌ಸಿ-ಎಸ್‌ಆರ್04 ಎಂಬ ಅಲ್ಟ್ರಾಸಾನಿಕ್ ಸೆನ್ಸರ್. ಅದು ಕಣ್ಣಲ್ಲ, ಒಂದು ಬಾಯಿ, ಒಂದು ಕಿವಿ. ಬಾಯಿ 40 ಕಿಲೋಹರ್ಟ್ಸ್‌ನಲ್ಲಿ ಕೂಗುತ್ತದೆ, ಕಿವಿ ಪ್ರತಿಧ್ವನಿಗೆ ಕಾಯುತ್ತದೆ. 20 ಸೆಂಟಿಮೀಟರ್ ದೂರದ ಕೈಯಿಂದ ಸದ್ದು ಹೋಗಿ ಬರಲು ಸುಮಾರು 1,160 ಮೈಕ್ರೋಸೆಕೆಂಡ್ ಬೇಕು. ಆ ಸಂಖ್ಯೆಯನ್ನು 58ರಿಂದ ಭಾಗಿಸಿದರೆ ದೂರ ಸಿಕ್ಕಿತು. ಲೆಕ್ಕ ಸುಲಭ. ಆದರೆ ಪ್ರತಿಧ್ವನಿ ಬರಬೇಕಾದರೆ ಎದುರಿಗೆ ಗಟ್ಟಿಯಾದ, ನೇರವಾಗಿ ನಿಂತ ಮೈ ಬೇಕು. ಉಣ್ಣೆಯ ಶಾಲಿನ ಮಡಿಕೆ ಆ ಸದ್ದನ್ನು ನುಂಗಿ ಕೂರುತ್ತದೆ. ಅಂಗೈ ಓರೆಯಾಗಿದ್ದರೆ ಸದ್ದು ಜಾರಿ ಚಾವಣಿಗೆ ಹೋಗುತ್ತದೆ. ಬರಿಗೈಯಲ್ಲಿ ಬಂದು ನೇರವಾಗಿ ಕೈ ತೋರುವವರಿಗೆ ಮಾತ್ರ ಈ ಬುಟ್ಟಿ ಮರ್ಯಾದೆ ಕೊಡುತ್ತದೆ, ಸನ್ಮಾನ ಸ್ವೀಕರಿಸಿ ಬಂದವರಿಗಲ್ಲ. ಈ ಒಂದು ಗುಣಕ್ಕೆ ಅದನ್ನು ನಿಜಕ್ಕೂ ಸ್ಮಾರ್ಟ್ ಎನ್ನಬಹುದು.

ಎರಡನೆಯ ಆರೋಪಿ ಪಕ್ಕದ ಶಾಲೆ. ಒಂದು ಸಭಾಂಗಣದಲ್ಲಿ ಹನ್ನೆರಡು ಬುಟ್ಟಿ, ಎಂಟು ಕೋಲು. ಎಲ್ಲವೂ ಒಂದೇ ಚೀನೀ ಸೆನ್ಸರ್, ಎಲ್ಲವೂ ಅದೇ 40 ಕಿಲೋಹರ್ಟ್ಸ್. ಯಾರ ಕೂಗಿಗೆ ಯಾರು ಓಗೊಟ್ಟರು ಎಂದು ಸೆನ್ಸರಿಗೆ ಗೊತ್ತಾಗುವ ವ್ಯವಸ್ಥೆಯೇ ಅದರಲ್ಲಿಲ್ಲ. ಹೀಗಾಗಿ ನಾಲ್ಕನೇ ಟೇಬಲ್ಲಿನ ಅಂಧರ ಕೋಲು ಕೂಗಿದರೆ ಐದನೇ ಟೇಬಲ್ಲಿನ ಬುಟ್ಟಿ ಬಾಯಿ ತೆರೆಯುತ್ತದೆ. ನಮ್ಮ ವಿಧಾನಸಭೆಯಲ್ಲೂ ಇಷ್ಟು ಸಮನ್ವಯ ಕಂಡವರಿಲ್ಲ.

ಮೂರನೆಯ ಆರೋಪಿಯೇ ನಿಜವಾದ ಖೂನಿಗಾರ: ಆ ಚೌಕದ 9 ವೋಲ್ಟ್ ಬ್ಯಾಟರಿ. ಮೇಲೆ 9 ಎಂದು ದೊಡ್ಡದಾಗಿ ಬರೆದದ್ದನ್ನು ನೋಡಿ 1.5ರ ಸೆಲ್ಲಿಗಿಂತ ಆರು ಪಟ್ಟು ಶೂರ ಎಂದು ಎಲ್ಲರೂ ನಂಬುತ್ತಾರೆ. ಅದು ಸ್ಮೋಕ್ ಅಲಾರಂ, ಮಲ್ಟಿಮೀಟರ್‌ನಂಥ ಮಿತಾಹಾರಿಗಳಿಗೆ ಮಾಡಿದ್ದು. ಮುಚ್ಚಳ ಎತ್ತುವ ಎಸ್‌ಜಿ90 ಸರ್ವೋ ಮೋಟಾರು ಸಿಕ್ಕಿಹಾಕಿಕೊಂಡರೆ ಅರ್ಧ ಆಂಪಿಯರ್‌ಗೂ ಮೀರಿ ಎಳೆಯುತ್ತದೆ. ಬ್ಯಾಟರಿಯ ಒಳರೋಧ ಹೆಚ್ಚು. ವೋಲ್ಟೇಜ್ ಧಡಕ್ಕನೆ ಕುಸಿಯುತ್ತದೆ, ಬುಟ್ಟಿಯ ಮಿದುಳಾದ ಆರ್ಡುಯಿನೊ ಬೋರ್ಡು ಸತ್ತು ಮತ್ತೆ ಹುಟ್ಟುತ್ತದೆ, ಹುಟ್ಟಿದ ಕೂಡಲೇ ಮತ್ತೆ ಮುಚ್ಚಳ ಎತ್ತಲು ಹೋಗುತ್ತದೆ, ಮತ್ತೆ ಸಾಯುತ್ತದೆ. ಹೊರಗಿನಿಂದ ನೋಡುವವರಿಗೆ ಬುಟ್ಟಿ ಚಳಿಜ್ವರ ಬಂದು ಹಲ್ಲು ಕಟಕಟಿಸುವ ಹಾಗೆ ಕಾಣುತ್ತದೆ. ಔಷಧ ಹೀಗೆ: ಸರ್ವೋಗೆ ನಾಲ್ಕು ಪೆನ್‌ಸೆಲ್ಲಿನ ಬೇರೆ ಡಬ್ಬಿ ಕೊಡಿ. ಆ ಡಬ್ಬಿಯ ಮೈನಸ್ ತಂತಿಯನ್ನು ಬೋರ್ಡಿನ ಗ್ರೌಂಡಿಗೆ ಸೇರಿಸುವುದನ್ನು ಮರೆಯಬೇಡಿ. ಮರೆತರೆ ಸರ್ವೋ ಮೈಮೇಲೆ ಬಂದವರ ಹಾಗೆ ಕುಣಿಯುತ್ತದೆ. ಸರ್ವೋದ ಪ್ಲಸ್-ಮೈನಸ್ ನಡುವೆ 470 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರ್ ಹಾಕಿ, ತಲೆಕೆಳಗು ಮಾಡದೆ.

ಇಷ್ಟಾದರೂ ಮುಚ್ಚಳ ಏಳದಿದ್ದರೆ ಅದು ಪಾಠದಲ್ಲೇ ಇರುವ ಸನ್ನೆಕೋಲಿನ ಕತೆ. ಎಸ್‌ಜಿ90 ಸರ್ವೋದ ತಿರುಗಿಸುವ ಬಲ 1.8 ಕೆಜಿ-ಸೆಂಟಿಮೀಟರ್. 150 ಗ್ರಾಂ ತೂಕದ ಮುಚ್ಚಳದ ಗುರುತ್ವ ಕೇಂದ್ರ ಕೀಲಿನಿಂದ 10 ಸೆಂ.ಮೀ. ದೂರವಿದ್ದರೆ ಬೇಕಾದದ್ದು 1.5. ಉಳಿದ 0.3ರಲ್ಲಿ ಕೀಲಿನ ತಿಕ್ಕಾಟ, ಬಗ್ಗಿದ ಕಡ್ಡಿ, ಬಳಲಿದ ಸೆಲ್ಲು, ಬುಟ್ಟಿಗೆ ಮಿಸ್ ಅಂಟಿಸಿದ ಚಮಕಿ ಕಾಗದ ಎಲ್ಲದರ ಸಂಸಾರ ಸಾಗಬೇಕು. ಇನ್ನು ಫೆವಿಕ್ವಿಕ್. ಈ ಬುಟ್ಟಿಗಳ ಪ್ಲಾಸ್ಟಿಕ್ಕಿಗೆ ಅದು ಹಿಡಿಯುವುದೇ ಇಲ್ಲ. ಕಾದ ಮೊಳೆಯಲ್ಲಿ ಎರಡು ತೂತು ಮಾಡಿ ಕೇಬಲ್ ಟೈ ಬಿಗಿದರೆ ಮುಗಿಯಿತು, ಆದರೆ ಕೇಬಲ್ ಟೈ ಕಂಡರೆ ‘ನೀಟಾಗಿಲ್ಲ’ ಎಂದು ಅಂಕ ಕಳೆಯುತ್ತಾರೆ.

ಇದಕ್ಕೆ ವ್ಯತಿರಿಕ್ತವಾದ ಕಾಯಿಲೆ ಇನ್ನೊಂದಿದೆ: ಎದುರಿಗೆ ನರಪಿಳ್ಳೆಯೂ ಇಲ್ಲದಾಗ ಬುಟ್ಟಿ ಬಾಯಿ ತೆರೆದು ನಿಲ್ಲುವುದು. ಇದಕ್ಕೆ ದೆವ್ವ ಕಾರಣವಲ್ಲ. ತಂತಿ ಸಡಿಲವಾಗಿ ಪ್ರತಿಧ್ವನಿಯ ಸುದ್ದಿಯೇ ಬರದಿದ್ದರೆ ಪ್ರೋಗ್ರಾಂ ದೂರವನ್ನು ಸೊನ್ನೆ ಎಂದು ಓದುತ್ತದೆ. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಕೋಡ್ ಹೇಳುವುದು ‘ದೂರ 20ಕ್ಕಿಂತ ಕಡಿಮೆಯಿದ್ದರೆ ತೆರೆ’ ಎಂದು. ಸೊನ್ನೆ 20ಕ್ಕಿಂತ ಕಡಿಮೆ ತಾನೇ? ‘2ಕ್ಕಿಂತ ಹೆಚ್ಚಿರಬೇಕು’ ಎಂದು ಒಂದು ಸಾಲು ಸೇರಿಸಿದರೆ ಸರಿಹೋಗುತ್ತದೆ. ಆದರೆ ಆ ಸಾಲು ಸೇರಿಸಲು ಮೊದಲು ಕೋಡನ್ನು ಓದಬೇಕು. ಕೋಡು ಓದುವುದು ಪ್ರಾಜೆಕ್ಟಿನ ಭಾಗವಲ್ಲ. ಚಾರ್ಟಿಗೆ ಬಾರ್ಡರ್ ಹಾಕುವುದು ಭಾಗ.

ಈ ವರ್ಷದ ಹೊಸ ಬೆಳವಣಿಗೆ ಎಂದರೆ ಬುಟ್ಟಿಗೆ ‘ಎಐ ಆಧಾರಿತ’ ಎಂಬ ಬಿರುದು ಬಂದಿರುವುದು. ಒಳಗೆ ಇರುವುದು ಒಂದು ಇಫ್, ಒಂದು ಎಲ್ಸ್: ಕೈ ಕಂಡರೆ ತೆರೆ, ಇಲ್ಲದಿದ್ದರೆ ಮುಚ್ಚು. ಮನೆಯ ಸ್ವಿಚ್ಚಿನಲ್ಲೂ ಇಷ್ಟೇ ಬುದ್ಧಿ ಇದೆ, ಪಾಪ ಅದು ಹೇಳಿಕೊಂಡಿಲ್ಲ. ಹಿಂದೆ ಹೆಸರಿನ ಮುಂದೆ ‘ಆಟೊಮ್ಯಾಟಿಕ್’ ಇತ್ತು, ಆಮೇಲೆ ‘ಸ್ಮಾರ್ಟ್’ ಬಂತು, ನಂತರ ‘ಐಒಟಿ’, ಈಗ ‘ಎಐ’. ಮುಂದಿನ ವರ್ಷ ಕ್ವಾಂಟಂ ಕಸದಬುಟ್ಟಿ ಖಂಡಿತ: ನೋಡುವ ತನಕ ತೆರೆದೂ ಇರುತ್ತದೆ, ಮುಚ್ಚಿಯೂ ಇರುತ್ತದೆ. ಅತಿಥಿಗಳ ಫೋಟೊಕ್ಕೆ ಅದೇ ಸರಿ.

ತುಳಿದರೆ ಕರೆಂಟು ಕೊಡುವ ಮೆಟ್ಟಿಲಿಗೆ ಮಾತ್ರ ಕೈಮುಗಿಯಬೇಕು. ಥರ್ಮೊಕೋಲಿನ ಮೇಲೆ ಸಾಲಾಗಿ ಹಿತ್ತಾಳೆಯ ಪೀಜೊ ಬಿಲ್ಲೆಗಳು. ಕಾಲಿಟ್ಟರೆ ಎಲ್‌ಇಡಿ ಮಿಣುಕ್ ಎನ್ನುತ್ತದೆ. ಚಾರ್ಟಿನಲ್ಲಿ ಬರೆದದ್ದು: ‘ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಇದನ್ನು ಅಳವಡಿಸಿದರೆ ಇಡೀ ಬೆಂಗಳೂರಿಗೆ ವಿದ್ಯುತ್.’ ಒಂಬತ್ತನೇ ತರಗತಿಯ ಲೆಕ್ಕ ಮಾಡಿ ನೋಡಿ. 60 ಕೆಜಿಯ ಮನುಷ್ಯ ನೆಲವನ್ನು 5 ಮಿಲಿಮೀಟರ್ ಒತ್ತಿದ ಎಂದುಕೊಳ್ಳಿ. 60 ಗುಣಿಸು 9.8 ಗುಣಿಸು 0.005, ಹತ್ತಿರ ಹತ್ತಿರ 3 ಜೂಲ್. ಒಂದು ಹನಿಯೂ ಪೋಲಾಗದೆ ಎಲ್ಲ ಶಕ್ತಿ ವಿದ್ಯುತ್ ಆದರೂ 10 ವ್ಯಾಟಿನ ಬಲ್ಬು ಒಂದು ಹೆಜ್ಜೆಗೆ ಸೆಕೆಂಡಿನ ಮೂರನೇ ಒಂದು ಭಾಗವೂ ಉರಿಯುವುದಿಲ್ಲ. ಆ ಬಿಲ್ಲೆಯಾದರೋ 5 ಮಿಲಿಮೀಟರ್ ಬಗ್ಗಿದರೆ ಮುರಿದೇ ಹೋಗುತ್ತದೆ. ಕೊಡುವುದು ಇದರ ಚೂರುಪಾರು. ಈ ಲೆಕ್ಕ ಮಾಡಿ ‘ಹಾಗಾಗಿ ಇದು ನಡೆಯುವುದಿಲ್ಲ’ ಎಂದು ಚಾರ್ಟಿನಲ್ಲಿ ಬರೆಯುವ ಮಗುವಿಗೆ ಪ್ರಥಮ ಬಹುಮಾನ ಕೊಡಬೇಕು. ಕೊಡುವುದಿಲ್ಲ, ಬಿಡಿ. ‘ನೆಗೆಟಿವ್ ಆಗಿ ಯೋಚಿಸಬಾರದು ಪುಟ್ಟಾ’ ಎನ್ನುತ್ತಾರೆ.

ಇದರ ಅಣ್ಣ ಫ್ರೀ ಎನರ್ಜಿ. ಮೋಟಾರು ಡೈನಮೊ ತಿರುಗಿಸುತ್ತದೆ, ಡೈನಮೊ ಮೋಟಾರಿಗೆ ಕರೆಂಟು ಕೊಡುತ್ತದೆ, ಮಿಕ್ಕದ್ದರಲ್ಲಿ ಮನೆ ದೀಪ. ಶಕ್ತಿ ಸಂರಕ್ಷಣೆಯ ನಿಯಮವನ್ನು ಮೂರು ಅಂಕಕ್ಕೆ ಬರೆಸಿದ ಮೇಷ್ಟ್ರೇ ಈ ಮಾಡೆಲ್ಲಿನ ಮಾರ್ಗದರ್ಶಕರು. ಥರ್ಮೊಕೋಲಿನ ಕೆಳಗೆ ಬಟನ್ ಸೆಲ್ ಸಿಕ್ಕರೆ ಆಶ್ಚರ್ಯ ಬೇಡ. ನಿಸರ್ಗದ ನಿಯಮಕ್ಕಿಂತ ಬಟನ್ ಸೆಲ್ ಹೆಚ್ಚು ನಂಬಿಕಸ್ಥ.

ಮಕ್ಕಳನ್ನು ಅಂದು ಏನು ಪ್ರಯೋಜನ? ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಅವಾರ್ಡ್ಸ್ ಮಾನಕ್ ಯೋಜನೆಯನ್ನೇ ನೋಡಿ. ಕಾಗದದ ಮೇಲೆ ಅದು ಒಳ್ಳೆಯ ಯೋಜನೆ; ವ್ಯಂಗ್ಯ ಅಲ್ಲ, ನಿಜಕ್ಕೂ ಒಳ್ಳೆಯದು. ಮಾಮೂಲಿ ಮಾಡೆಲ್ ಬೇಡ, ಮಗು ತನ್ನ ಸುತ್ತ ಕಂಡ ತೊಂದರೆಗೆ ತನ್ನದೇ ಆದ ಪರಿಹಾರ ಹೇಳಲಿ ಎನ್ನುವುದು ಆಶಯ. ದೇಶದಾದ್ಯಂತ 10 ಲಕ್ಷ ಐಡಿಯಾ ಸಂಗ್ರಹಿಸುವ ಗುರಿ. ಅದರಲ್ಲಿ 1 ಲಕ್ಷ ಆಯ್ದು ತಲಾ 10,000 ರೂಪಾಯಿ ಮಗುವಿನ ಖಾತೆಗೇ ಹಾಕುವುದು, ಜಿಲ್ಲೆಯಿಂದ ರಾಜ್ಯಕ್ಕೆ 10,000 ಐಡಿಯಾ, ರಾಜ್ಯದಿಂದ ರಾಷ್ಟ್ರಕ್ಕೆ 1,000, ಕೊನೆಗೆ 60. ಜರಡಿ ಚೆನ್ನಾಗಿದೆ. ಆದರೆ ಗುರಿ ಎಂಬ ಮಾತು ಯಾವಾಗ ಬಂತೋ ಆಗಲೇ ಐಡಿಯಾ ಎನ್ನುವುದು ಪಲ್ಸ್ ಪೋಲಿಯೊ ಆಯಿತು. ವಾಟ್ಸಾಪಿನಲ್ಲಿ ಸುತ್ತೋಲೆಯ ಮೇಲೆ ಸುತ್ತೋಲೆ: ಇನ್ನೂ ಶೂನ್ಯ ಸಾಧನೆಯ ಶಾಲೆಗಳ ಪಟ್ಟಿ ಲಗತ್ತಿಸಿದೆ, ಇಂದು ಸಂಜೆ ಐದರೊಳಗೆ ಐದು ಐಡಿಯಾ ಅಪ್‌ಲೋಡ್ ಮಾಡಿ ಸ್ಕ್ರೀನ್‌ಶಾಟ್ ಹಾಕುವುದು, ತಪ್ಪಿದಲ್ಲಿ ಮುಖ್ಯ ಶಿಕ್ಷಕರೇ ಹೊಣೆ. ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಮಕ್ಕಳ ದಾಖಲೆಯ ಎಸ್‌ಎಟಿಎಸ್ ಎಂಟ್ರಿ ಮುಗಿಸಿದ ವಿಜ್ಞಾನದ ಮೇಷ್ಟ್ರು ರಾತ್ರಿ ಹತ್ತಕ್ಕೆ ಲ್ಯಾಪ್‌ಟಾಪ್ ಮುಂದೆ ಕೂತು ಐದು ಮಕ್ಕಳ ಐದು ಸ್ವಂತ ಆಲೋಚನೆಗಳನ್ನು ತಾವೇ ಯೋಚಿಸುತ್ತಾರೆ. ಮೊದಲನೆಯದು ಸ್ಮಾರ್ಟ್ ಕಸದಬುಟ್ಟಿ. ಇನ್ನೇನು ಹೊಳೆಯಬೇಕು ಹೇಳಿ ಆ ಹೊತ್ತಿಗೆ, ಅವರ ಮುಂದೆ ಇದ್ದದ್ದು ಅದೊಂದೇ.

ಆಯ್ಕೆಯಾಯಿತು ಎನ್ನಿ. ಈಗ 10,000 ರೂಪಾಯಿ ಬರಬೇಕು. ಟಿ.ಸಿ.ಯಲ್ಲಿ ಇನಿಷಿಯಲ್ ಹಿಂದೆ, ಆಧಾರಿನಲ್ಲಿ ಮುಂದೆ, ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ಲೇ ಇಲ್ಲ. ಸ್ಕಾಲರ್‌ಶಿಪ್ಪಿಗೆಂದು ತೆರೆದ ಖಾತೆ ವ್ಯವಹಾರವಿಲ್ಲದೆ ನಿದ್ದೆಹೋಗಿದೆ. ಅದನ್ನು ಎಬ್ಬಿಸಲು ಅಪ್ಪ ಒಂದು ದಿನದ ಕೂಲಿ ಬಿಟ್ಟು ಮಗಳ ಜತೆ ಬ್ಯಾಂಕಿಗೆ ಹೋಗಬೇಕು. ಅಲ್ಲಿ ಸರ್ವರ್ ಡೌನ್. ಆವಿಷ್ಕಾರ ಬೇಕಿದ್ದರೆ ಇಲ್ಲೇ ಒಂದು ಬೇಕಿತ್ತು, ಬುಟ್ಟಿಗಲ್ಲ.

ದುಡ್ಡು ಬಂದಾಗ ಮೇಳಕ್ಕೆ ನಾಲ್ಕೇ ದಿನ. ಆಗ ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದೆ. ಸಾದರ ಪತ್ರಪ್ಪನವರ ಹೆಸರಿನ ಆ ರಸ್ತೆಯಲ್ಲಿ ಒಂದು ಕಾಲಿಡುವ ಜಾಗದಲ್ಲಿ ಮೂರು ಅಂಗಡಿ, ಪ್ರತಿ ಅಂಗಡಿಯಲ್ಲೂ ಡಬ್ಬಿ ಡಬ್ಬಿ ಬಿಡಿಭಾಗ. ನಿಧಾನವಾಗಿ ಸುತ್ತಿದರೆ ಆರ್ಡುಯಿನೊದ ಕ್ಲೋನ್ ಬೋರ್ಡು, ಸೆನ್ಸರ್, ಸರ್ವೋ, ಜಂಪರ್ ವೈರ್ ಎಲ್ಲ ಸೇರಿ ಸಾವಿರದೊಳಗೆ ಕೈಗೆ ಬರುತ್ತವೆ. ಆದರೆ ಧಾವಂತದಲ್ಲಿ ಬಂದ ಪೋಷಕರ ಮುಖ ನೋಡಿಯೇ ಅಂಗಡಿಯವರು ಕೇಳುವುದು, ‘ಯಾವ ಕ್ಲಾಸು ಸಾರ್? ರಿಪೋರ್ಟ್ ಸಮೇತ ಬೇಕಾ, ಬರೀ ಮಾಡೆಲ್ಲಾ?’ ರಿಪೋರ್ಟ್ ಸಮೇತ ಕೊಂಡರೆ ‘ನಾನು ಈ ಪ್ರಾಜೆಕ್ಟ್ ಮಾಡಲು ಪ್ರೇರಣೆ’ ಎಂಬ ಪುಟವೂ ಅದರಲ್ಲೇ ಬರುತ್ತದೆ. ಮಗುವಿನ ಪ್ರೇರಣೆಯೂ ಶ್ರಿಂಕ್‌ರ‍್ಯಾಪ್ ಆಗಿ ಸಿಗುವ ಕಾಲ. ಇಂಥ ಬುಟ್ಟಿಯ ಜತೆ ಒಂದು ಉಚಿತ ಸಲಹೆ: ಮನೆಗೆ ಒಯ್ದ ಮೇಲೆ ತಂತಿಗಳನ್ನು ಒಂದೊಂದಾಗಿ ಕಳಚಿ, ಮಗುವಿನ ಕೈಯಲ್ಲೇ ಮತ್ತೆ ಜೋಡಿಸಿ. ಎರಡು ತಾಸಿನ ಕೆಲಸ. ಕೊನೆಯಪಕ್ಷ ಯಾವ ತಂತಿ ಕಿತ್ತುಬಂದಿದೆ ಎಂದಾದರೂ ಅದಕ್ಕೆ ಗೊತ್ತಾಗುತ್ತದೆ.

ಬೆಂಗಳೂರಿನ ಹೊರಗಿನವರಿಗೆ? ಅಟಲ್ ಟಿಂಕರಿಂಗ್ ಲ್ಯಾಬ್ ಇದೆಯಲ್ಲ, ಮಕ್ಕಳು ಕೈಯಾರೆ ಮಾಡಿ ಕಲಿಯಲೆಂದು ಶಾಲೆಯಲ್ಲೇ ತೆರೆಯುವ ಕೇಂದ್ರದ ಯೋಜನೆಯ ಕಾರ್ಯಾಗಾರ, 2016ರಲ್ಲಿ ಶುರುವಾದದ್ದು, ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿ. ಲ್ಯಾಬ್ ನಡೆಸಲು ತಿಳಿದ ಮೇಷ್ಟ್ರಿರುವ ಕಡೆ ಮಕ್ಕಳು ಅಲ್ಲಿ ಅದ್ಭುತ ಮಾಡುತ್ತಾರೆ, ಅದನ್ನು ಅಲ್ಲಗಳೆಯಬಾರದು. ಅಂಥವರಿಗೆ ವರ್ಗಾವಣೆಯಾದರೆ ಮಾತ್ರ ಲ್ಯಾಬಿಗೆ ದೊಡ್ಡ ಬೀಗ, ಬೀಗದ ಕೈ ಎಚ್ಚೆಮ್ಮರ ಡ್ರಾಯರಿನಲ್ಲಿ, ‘ಕೆಟ್ಟರೆ ಯಾರು ಜವಾಬ್ದಾರಿ?’ ತ್ರೀಡಿ ಪ್ರಿಂಟರಿನ 0.4 ಮಿಲಿಮೀಟರ್ ನಾಜಲ್ಲು ಕಟ್ಟಿಕೊಂಡಿದೆ. ಪ್ರಿಂಟರಿಗೆ ಉಣಿಸುವ ಪಿಎಲ್ಎ ಪ್ಲಾಸ್ಟಿಕ್ ದಾರದ ಸುರುಳಿ ಎರಡು ಮಳೆಗಾಲದ ತೇವ ಕುಡಿದು ಕೂತಿದೆ. ಬಿಸಿಮಾಡಿದರೆ ಒಗ್ಗರಣೆಯ ಹಾಗೆ ಚಟಪಟ ಎನ್ನುತ್ತದೆ. ಅಕ್ಕಿ ಡಬ್ಬಿಯ ಹಾಗೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಟ್ಟಿದ್ದರೆ ಸಾಕಿತ್ತು. ಕೆಡದಿರಲಿ ಎಂದು ಬೀಗ ಹಾಕಿದ್ದು, ಬೀಗ ಹಾಕಿದ್ದಕ್ಕೇ ಕೆಟ್ಟದ್ದು.

ಮೇಳದ ದಿನ ತೀರ್ಪುಗಾರರ ಕೈಯಲ್ಲಿ ಹಾಳೆ ಇರುತ್ತದೆ: ಹೊಸತನ, ಸಾಮಾಜಿಕ ಉಪಯುಕ್ತತೆ, ಪರಿಸರಸ್ನೇಹ, ಬಳಕೆಯ ಸರಳತೆ. ಒಂದು ಟೇಬಲ್ಲಿಗೆ ಎರಡು ನಿಮಿಷ, ಅದರಲ್ಲಿ ಒಂದೂವರೆ ನಿಮಿಷ ಕಂಠಪಾಠ. ‘ರೆಸ್ಪೆಕ್ಟೆಡ್ ಜಡ್ಜಸ್, ಗುಡ್ ಮಾರ್ನಿಂಗ್, ನಮ್ಮ ಮಾದರಿಯ ಹೆಸರು...’ ನಡುವೆ ಏನಾದರೂ ಕೇಳಿದಿರೋ, ಮಗು ಗಕ್ಕನೆ ನಿಂತು ಮತ್ತೆ ‘ರೆಸ್ಪೆಕ್ಟೆಡ್ ಜಡ್ಜಸ್’ನಿಂದಲೇ ಶುರು, ಸಂಜೆ ನಾಲ್ಕಾಗಿದ್ದರೂ ಗುಡ್ ಮಾರ್ನಿಂಗೇ. ಆರ್ಡುಯಿನೊ ರೀಸೆಟ್ ಆಗುವುದೂ ಹೀಗೆಯೇ. ಹಿಂದೆ ನಿಂತ ಅಮ್ಮ ತುಟಿ ಆಡಿಸುತ್ತಿರುತ್ತಾರೆ.

ಸಿರಿಂಜಿನ ಜೆಸಿಬಿಯ ಹತ್ತಿರ ಮಾತ್ರ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಅಲ್ಲಿ ನಿಜವಾದ ವಿಜ್ಞಾನ ತೂರಿಬರುವ ಸಾಧ್ಯತೆ ಇದೆ. ತೋಳು ಸ್ಪ್ರಿಂಗಿನ ಹಾಗೆ ಜಿಗಿಯುತ್ತಿದ್ದರೆ ಡ್ರಿಪ್ ಪೈಪಿನಲ್ಲಿ ಗಾಳಿಗುಳ್ಳೆ ಇದೆ ಎಂದರ್ಥ. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಸಿರಿಂಜು, ಪೈಪು ಎರಡನ್ನೂ ಬಕೆಟ್ ನೀರಿನೊಳಗೆ ಮುಳುಗಿಸಿಯೇ ಜೋಡಿಸಿದರೆ ಗುಳ್ಳೆ ಬರುವುದಿಲ್ಲ. ಒತ್ತುವ ಕಡೆ 5 ಎಂ.ಎಲ್. ಸಿರಿಂಜು, ತೋಳಿನ ಕಡೆ 20 ಎಂ.ಎಲ್. ಹಾಕಿದರೆ ತೋಳಿಗೆ ಬಲ ಹೆಚ್ಚುತ್ತದೆ, ಚಲನೆ ಕಡಿಮೆಯಾಗುತ್ತದೆ. ಯಾಕೆ ಎಂದು ಕೇಳಿಕೊಂಡ ಮಗು ದ್ರವದ ಒತ್ತಡದ ನಿಯಮ ಹೇಳಿದ ಪಾಸ್ಕಲನ ಮನೆಯ ಬಾಗಿಲು ತಟ್ಟಿದಂತೆ. ಆದರೆ ಚಾರ್ಟಿನಲ್ಲಿ ಈ ಪ್ರಶ್ನೆಗೆ ಜಾಗವಿಲ್ಲ. ಅಲ್ಲಿ ‘ಜೆಸಿಬಿಯ ಉಪಯೋಗಗಳು: 1. ಗುಂಡಿ ತೋಡಲು.’

ಪ್ರತಿ ಮೇಳದಲ್ಲೂ ಮೂಲೆಯಲ್ಲಿ, ಪ್ಲಗ್ ಪಾಯಿಂಟ್ ಸಿಗದ ಕಡೆ ಒಂದು ಟೇಬಲ್ ಇರುತ್ತದೆ. ಅದರ ಮೇಲೆ ಎರಡು ಮಡಕೆ, ಒಂದಕ್ಕೆ ಒದ್ದೆ ಗೋಣಿ ಸುತ್ತಿದೆ, ಇನ್ನೊಂದು ಬರಿದು. ಒಂದು ಥರ್ಮಾಮೀಟರ್. ಒಂದು ಉದ್ದ ನೋಟ್‌ಬುಕ್ಕು, ಗಂಟೆಗೊಂದರಂತೆ ಹನ್ನೊಂದು ದಿನದ ಉಷ್ಣತೆ ಬರೆದದ್ದು. ಮಳೆ ಬಂದ ದಿನಗಳಲ್ಲಿ ಎರಡೂ ಮಡಕೆಗೆ ಹೆಚ್ಚುಕಮ್ಮಿ ವ್ಯತ್ಯಾಸವೇ ಇಲ್ಲ. ಆ ಸಾಲುಗಳ ಪಕ್ಕ ಪೆನ್ಸಿಲಿನಲ್ಲಿ ‘ಏಕೆ?’ ಎಂದು ಬರೆದು ಎರಡು ಗೆರೆ ಎಳೆದಿದೆ. ತೀರ್ಪುಗಾರರು ಬಂದು ಮಡಕೆ ನೋಡುತ್ತಾರೆ, ಸುತ್ತಮುತ್ತ ನೋಡುತ್ತಾರೆ, ‘ಮಾಡೆಲ್ ಎಲ್ಲಿ ಇಟ್ಟಿದ್ದೀಯಮ್ಮಾ?’ ಎನ್ನುತ್ತಾರೆ. ಮುಂದಿನ ಟೇಬಲ್ಲಿಗೆ ಹೋಗುತ್ತಾರೆ.

ಇಲ್ಲಿ ತಮಾಷೆ ಹೊಳೆಯುವುದಿಲ್ಲ. ನೋಟ್‌ಬುಕ್ಕನ್ನು ಯಾರೂ ತೆರೆದು ನೋಡಲಿಲ್ಲ, ಅಷ್ಟೇ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ನೀರು ಆರುವುದು ನಿಧಾನ, ಆರದಿದ್ದರೆ ತಂಪಾಗುವುದಿಲ್ಲ ಎಂದು ಒಂದು ಮಾತು ಹೇಳಲು ಅರ್ಧ ನಿಮಿಷ ಸಾಕಿತ್ತು. ಅಥವಾ ಹೇಳದೆ, ‘ನಿನಗೇನನಿಸುತ್ತೆ?’ ಎಂದು ಕೇಳಿದ್ದರೆ ಇನ್ನೂ ಚೆನ್ನಾಗಿತ್ತು. ಹನ್ನೊಂದು ದಿನ ಗಂಟೆ ಗಂಟೆಗೆ ಎದ್ದು ಹೋಗಿ ಥರ್ಮಾಮೀಟರ್ ನೋಡಿದ ಹುಡುಗಿಯೊಬ್ಬಳು ಮನೆಗೆ ಹೋಗಿ, ಮುಂದಿನ ವರ್ಷ ಬುಟ್ಟಿ ಮಾಡೋಣಪ್ಪ ಎನ್ನುತ್ತಾಳೆ. ಪ್ರತಿ ವರ್ಷ ಎಷ್ಟು ಜನ ಹೀಗೆ ಬುಟ್ಟಿಗೆ ಬೀಳುತ್ತಾರೋ. ಲಕ್ಷಗಟ್ಟಲೆ ಐಡಿಯಾ ಎಣಿಸುವವರು ಇದನ್ನು ಎಣಿಸುವುದಿಲ್ಲ.

ಹೋಗಲಿ, ಬಹುಮಾನ ವಿತರಣೆ. ಪ್ರಥಮ ಯಾವುದಕ್ಕೆ ಎಂದು ನಿಮಗೆ ಗೊತ್ತು. ಕಸದ ಸಮಸ್ಯೆಗೆ ಪುಟಾಣಿ ವಿಜ್ಞಾನಿಗಳ ಪರಿಹಾರ ಎಂದು ಅತಿಥಿಗಳು ಮೈಕಿನಲ್ಲಿ ಇಪ್ಪತ್ತೈದು ನಿಮಿಷ ಹೊಗಳುತ್ತಾರೆ. ರಸ್ತೆಯಲ್ಲಿ ಕಸ ಎಸೆದವರ ಮನೆಬಾಗಿಲಿಗೇ ಕಸ ತಂದು ಸುರಿಯುವ ಹಬ್ಬವನ್ನು ರಾಜಧಾನಿ 2025ರಲ್ಲಿ ಆಚರಿಸಿದ್ದು ಬುಟ್ಟಿಗೆ ಮೋಟಾರು ಇಲ್ಲ ಎಂಬ ಕಾರಣಕ್ಕಲ್ಲ ಎಂದು ಅವರಿಗೆ ನೆನಪಿಸುವವರು ಯಾರು?

ಸಭೆ ಮುಗಿದ ಮೇಲಿನ ಸಭಾಂಗಣ ನೋಡಬೇಕು. ಪೇಪರ್ ಕಪ್ಪು, ಉಪ್ಪಿಟ್ಟಿನ ತಟ್ಟೆ, ಬಾಳೆಹಣ್ಣಿನ ಸಿಪ್ಪೆ, ಹಾರದಿಂದ ಉದುರಿದ ಚೆಂಡುಹೂವು. ಮೇಳದಲ್ಲಿ ಹನ್ನೆರಡು ಕಸದಬುಟ್ಟಿ ಇವೆ, ಕಸವೆಲ್ಲ ನೆಲದ ಮೇಲಿದೆ. ಗುಡಿಸುವ ಅಕ್ಕ ಸೊಂಟದ ಮೇಲೆ ಹಳೆಯ ಬಿದಿರಿನ ಬುಟ್ಟಿ ಇಟ್ಟುಕೊಂಡು ಸಾಲುಸಾಲಾಗಿ ಬರುತ್ತಾರೆ. ಪ್ರಥಮ ಬಹುಮಾನದ ಟೇಬಲ್ ಹತ್ತಿರ ಬಂದಾಗ, ಇಡೀ ದಿನ ಗಣ್ಯರಿಗೆ ಬಾಯಿ ತೆರೆಯದ ನೀಲಿ ಬುಟ್ಟಿ ಅವರ ಬರಿಗೈ ಕಂಡು ಥಟ್ಟನೆ ತೆರೆಯುತ್ತದೆ. ಅವರು ನಕ್ಕು, ಕೈಯಲ್ಲಿದ್ದ ನಾಲ್ಕು ಕಪ್ಪನ್ನು ಅದರೊಳಗೆ ಹಾಕಲು ಬಾಗುತ್ತಾರೆ.

‘ಅಯ್ಯೋ ಅಕ್ಕಾ, ಅದ್ರೊಳಗೆ ಹಾಕ್ಬೇಡಿ! ಸರ್ಕ್ಯೂಟ್ ಇದೆ!’